ಗ್ವಾಡಿಗಿ ಓದಿ ಹೇಳಿದ್ದು

ನಮ್ಮ ಮನೆ ಬೀದರಿನ ಕಾಳಿನ ಪೇಟೆ ಗಾಂಧಿ ಗಂಜದ ಹಿಂದಿನ ಓಣಿಯಲ್ಲಿತ್ತು. ಎರಡೇ ಖೋಲಿ. ಮುಂದಿನ ಖೋಲಿಯಲ್ಲಿ ಕಬ್ಬಿಣದ ಪಲಂಗ, ಗೋಡೆಯ ಗೂಡಿನಲ್ಲಿ ಬುದ್ಧನ ಫೋಟೋ, ಅದರ ಕೆಳಗೆ ಮೇಣದಬತ್ತಿ ಹಚ್ಚಿ ಹಚ್ಚಿ ಕಪ್ಪಾದ ಕಲ್ಲು. ಹಿಂದಿನ ಖೋಲಿಯಲ್ಲಿ ಒಲೆ, ನೀರಿನ ಹರವಿ, ಜ್ವಾರಿ ಹಿಟ್ಟಿನ ಡಬ್ಬಿ. ತೊಗರಿ ಬರುವ ದಿನಗಳಲ್ಲಿ ಗಂಜಿನ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬಂದು ಹಾಸಿಗೆಯ ಮೇಲೆ, ತಾಟಿನ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ ಕೂಡುತ್ತಿತ್ತು. ಅಪ್ಪ ಅಲ್ಲೇ ಒಂದು ಅಡತಿ ಅಂಗಡಿಯಲ್ಲಿ ಕಾಂಟಾ ನೋಡುವ ಕೆಲಸ ಮಾಡುತ್ತಿದ್ದ. ಚೀಲ ಕಾಂಟಾದ ಮೇಲೆ ಇಟ್ಟಾಗ ತೂಕ ಕೂಗಿ ಹೇಳುವುದು ಅವನ ಕೆಲಸ. ಇಡೀ ದಿನ ಕೂಗಿ ಕೂಗಿ, ಮನೆಗೆ ಬಂದಾಗ ಅವನ ಬಳಿ ದನಿಯೇ ಉಳಿದಿರುತ್ತಿರಲಿಲ್ಲ. ಮನೆಯಲ್ಲಿ ಮಾತು ಎಂದರೆ ಅವ್ವನದು. ಅವಳು ಹಿಟ್ಟಿನ ಡಬ್ಬಿಗೆ ಆನಿಸಿ ಪುಸ್ತಕ ನಿಲ್ಲಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿ ಹಂಚಿಗೆ ಹಾಕಿದಳೆಂದರೆ ಅದು ಬೇಯುವಷ್ಟರಲ್ಲಿ ನಾಲ್ಕು ಸಾಲು ಜೋರಾಗಿ ಓದುತ್ತಿದ್ದಳು, ನಾನು ಎದುರಿಗೆ ಕುಂತು ಕೇಳುತ್ತಿದ್ದೆ. ಓದುವುದರಲ್ಲಿ ಮೈಮರೆತು ರೊಟ್ಟಿ ಹೊತ್ತಿದ ದಿನಗಳೂ ಇದ್ದವು. ಹೊತ್ತಿದ ರೊಟ್ಟಿಯನ್ನು ಅವಳೇ ತಿನ್ನುತ್ತಿದ್ದಳು, ಶೇಂಗಾ ಹಿಂಡಿ ಹಚ್ಚಿಕೊಂಡು, ಬೇಕೆಂತಲೇ ಮಾಡಿದ್ದೆನ್ನುವ ಹಾಗೆ. ಹೀಗಾಗಿ ಓದು ಎಂದರೆ ನನಗೆ ಅವ್ವನ ದನಿಯಾಗಿತ್ತು. ಅಕ್ಷರಗಳ ಗೊಡವೆ ನನಗೆ ಬೇಕಾಗಿಯೇ ಇರಲಿಲ್ಲ.

ಅವ್ವನಿಗೆ ಏಳನೆಯ ಇಯತ್ತೆ ಮುಗಿದ ಕೂಡಲೇ ಮದುವೆ ಮಾಡಿದ್ದರು. ನಾನು ಹುಟ್ಟಿದ ಮೇಲೆ ಅವಳು ಮನೆಯಲ್ಲೇ ಓದಿ ಹತ್ತನೆಯದರ ಪರೀಕ್ಷೆ ಕಟ್ಟಿದಳು, ಪಾಸೂ ಆದಳು. ಆವಾಗ ಅಪ್ಪ ಗಂಜಿನಲ್ಲಿ ಹಮಾಲರಿಗೆಲ್ಲ ಪೇಢೆ ಹಂಚಿದ್ದ. ಹಾಗಾಗಿ ಅವನಿಗೆ ಓದಿನ ಮೇಲೆ ಸಿಟ್ಟಿತ್ತು ಎನ್ನಲು ಬರುವುದಿಲ್ಲ. ಜಗಳ ಬಂದದ್ದು, ಭಾಲ್ಕಿಯಲ್ಲಿ ನರ್ಸ್ ತರಬೇತಿಗೆ ಅವಳ ಹೆಸರು ಬಂದಾಗ. ಅಲ್ಲಿಯೇ ಹಾಸ್ಟೆಲಿನಲ್ಲಿ ಇರಬೇಕಿತ್ತು. ಆ ಸಂಜೆ ಪುಂಡಿ ಪಲ್ಯದ ಬೋಗಾಣಿ ಮೂರು ಜನರ ನಡುವೆ ಆರಿ ತಣ್ಣಗಾಯಿತು, ಯಾರೂ ಕೈ ಹಾಕಲಿಲ್ಲ.

"ಓದಬ್ಯಾಡ ಅಂದೇನೇನು ನಾ? ಮನ್ಯಾಗ ಕುಂತು ಎಷ್ಟ್ ಬೇಕಾರ ಓದು."

"ಮನ್ಯಾಗ ಕುಂತು ನರ್ಸ್ ಆಗ್ಲಿಕ್ಕ ಬರ್ತದೇನ್ರಿ?"

"ಮತ್ತ ಈ ಸುಜಾತಾನ ಯಾರು ನೋಡ್ಬೇಕು?"

"ಸುಜಾತಾ ನನಗೊಬ್ಬಾಕಿಗೇ ಮಗಳೇನ್ರಿ?"

ಅಪ್ಪ ತಾಟು ಪಕ್ಕಕ್ಕೆ ಸರಿಸಿ ಎದ್ದ.

"ನಾ ಅಂತೂ ಬ್ಯಾಡ ಅಂತೇನಿ. ಆಮ್ಯಾಲೆ ನಿನ್ನ ಮರ್ಜಿ."

"ನನ್ನ ಮರ್ಜಿ ಅಂದ್ರಲ್ಲ, ಅಷ್ಟು ಸಾಕ್ರಿ."

ಅವಳು ಹೋದ ದಿನ ಮುಂಜಾನೆ ನನ್ನ ತಲೆ ಬಾಚಿ ಜಡೆ ಹಾಕಿದ್ದು ಈಗಲೂ ನೆನಪಿದೆ. ಹಣೆಯ ಚರ್ಮ ಎಳೆದು ಕಣ್ಣು ಸಣ್ಣದಾಗುವಷ್ಟು ಬಿಗಿ. ತಾನು ಬರುವ ತನಕ ಅದು ಬಿಚ್ಚಬಾರದು ಎಂದು ಅವಳಿಗೆ ಅನಿಸಿತ್ತೇನೋ. ಅಪ್ಪ ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ನಮ್ಮ ಆಯಿ, ಅಪ್ಪನ ತಾಯಿ, ಖಟಕ ಚಿಂಚೋಳಿಯಿಂದ ನನ್ನನ್ನು ನೋಡಿಕೊಳ್ಳಲು ಬಂದಿದ್ದಳು. ಅವಳ ಕೈ ಹಿಡಿದು ನಾನು ಹೋದೆ. ಅವ್ವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿದಳು, ನನಗೆ ಅದು ಎಟುಕಲಿಲ್ಲ. ಆಯಿ ನನ್ನನ್ನು ಎತ್ತಲು ಬಗ್ಗುವಷ್ಟರಲ್ಲಿ ಬಸ್ಸು ಹೊರಟಿತು.

ಆಯಿಗೆ ಬೀದರ್ ಹಿಡಿಸಲಿಲ್ಲ. ಇಲ್ಲಿ ಕಟ್ಟೆಯ ಮೇಲೆ ಕುಂತರೆ ಲಾರಿ ಬಿಟ್ಟರೆ ಮತ್ತೇನೂ ಕಾಣುವುದಿಲ್ಲ ಎಂದು ಅವಳ ದೂರು. ಊರಲ್ಲಿ ಎಮ್ಮೆ ಈಯುವ ಸುದ್ದಿ ಬಂದದ್ದೇ ನೆವವಾಗಿ ಹೋದವಳು ಮತ್ತೆ ಬರಲಿಲ್ಲ. ಆಮೇಲೆ ಅಪ್ಪ ಬೆಳಿಗ್ಗೆಯೇ ಅನ್ನ ಬ್ಯಾಳಿ ಮಾಡಿಟ್ಟು ಹೋಗುವುದನ್ನು ಕಲಿತ. ಬ್ಯಾಳಿಯಲ್ಲಿ ಒಂದು ದಿನ ಉಪ್ಪು ಇರುತ್ತಿರಲಿಲ್ಲ, ಒಂದು ದಿನ ಉಪ್ಪೇ ಇರುತ್ತಿತ್ತು. ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ನನ್ನ ಕೊರಳಿಗೆ ಹಾಕಿದ. ಮಧ್ಯಾಹ್ನ ಸಾಲೆ ಬಿಟ್ಟ ಮೇಲೆ ನಾನೇ ಬೀಗ ತೆಗೆದು, ಒಳಗಿಂದ ಚಿಲಕ ಹಾಕಿಕೊಂಡು, ಅಪ್ಪ ಬರುವ ತನಕ ಇರಬೇಕು. ಖಾಲಿ ಮನೆಗೆ ಎಷ್ಟು ಸಪ್ಪಳ ಇರುತ್ತದೆ ಎಂಬುದು ನನಗೆ ಆವಾಗಲೇ ತಿಳಿದದ್ದು. ಹರವಿಯಿಂದ ನೀರು ಜಿನುಗುವ ಸಪ್ಪಳ. ತಗಡಿನ ಮೇಲೆ ಬೆಕ್ಕು ನಡೆಯುವ ಸಪ್ಪಳ. ಗಂಜಿನ ಕಡೆಯಿಂದ ದೂರದಲ್ಲಿ ಯಾರೋ ತೂಕ ಕೂಗುವುದು. ಅದು ಅಪ್ಪನೇ ಎಂದು ಅಂದುಕೊಂಡು ಕಿವಿಗೊಡುತ್ತಿದ್ದೆ. ಅಪ್ಪ ಬಂದ ಮೇಲೂ ನಮ್ಮ ನಡುವೆ ಆಗುತ್ತಿದ್ದ ಮಾತು ಇಷ್ಟೇ.

"ಉಂಡಿ?"

"ಉಂಡೆ."

ಅವ್ವ ಮೊದಮೊದಲು ಶನಿವಾರಕ್ಕೊಮ್ಮೆ ಬರುತ್ತಿದ್ದಳು. ಅವಳು ಬಂದ ದಿನ ಅಪ್ಪ ಗಂಜಿನಿಂದ ತಡವಾಗಿ ಬರುತ್ತಿದ್ದ, ಬಂದರೂ ನನ್ನ ಮೂಲಕ ಮಾತಾಡುತ್ತಿದ್ದ: ನಿಮ್ಮವ್ವಗ ಕೇಳು, ನಿಮ್ಮವ್ವಗ ಹೇಳು. ರವಿವಾರ ಮುಂಜಾನೆ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿದಾಗ ವಂದನೆ ಹೇಳುವವಳು ಅವ್ವನೇ. ಅಪ್ಪನಿಗೆ ಅದು ಪೂರ್ತಿ ಬಾಯಿಗೆ ಬರುತ್ತಿರಲಿಲ್ಲ, ಅವಳ ಹಿಂದೆ ಹಿಂದೆ ಹೇಳುತ್ತಿದ್ದ. ಅವಳು ಬರುವುದು ಕಡಿಮೆಯಾದಂತೆ ನಾವಿಬ್ಬರೂ ಬತ್ತಿ ಹಚ್ಚಿ, ಕೈ ಮುಗಿದು, ಏನೂ ಹೇಳದೆ ನಿಂತು, ಸರಿದು ಹೋಗುತ್ತಿದ್ದೆವು.

ಸಾಲೆಯಲ್ಲಿ ನನ್ನ ಗುಟ್ಟು ಹೊರಬಿದ್ದದ್ದು ಅದೇ ವರ್ಷ. ಮಾಸ್ತರರು ಪಾಠ ಓದಲು ಎಬ್ಬಿಸಿದರೆ ನನಗೆ ಓದಲು ಬರುತ್ತಿರಲಿಲ್ಲ. ಅಕ್ಷರ ಒಂದೊಂದಾಗಿ ಗೊತ್ತು, ಕೂಡಿಸಿದರೆ ಬಾಯಿ ಕಟ್ಟುತ್ತಿತ್ತು. ಅಷ್ಟು ದಿನ ಅವ್ವ ರಾತ್ರಿ ಓದಿ ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು ಮುಂಜಾನೆ ಒಪ್ಪಿಸುತ್ತಿದ್ದೆ, ಯಾರಿಗೂ ತಿಳಿದಿರಲಿಲ್ಲ. ಈಗ ಒಂದು ಸಾಲು ಮುಗಿಸುವಷ್ಟರಲ್ಲಿ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ನನಗೆ ಪುಸ್ತಕ ಕಂಡರೆ ಮೈ ಉರಿಯತೊಡಗಿತು. ಅವ್ವನನ್ನು ಮನೆಯಿಂದ ಒಯ್ದದ್ದು ಪುಸ್ತಕ, ನನ್ನನ್ನು ನಗೆಗೀಡು ಮಾಡಿದ್ದೂ ಪುಸ್ತಕ. ಅವಳು ಬಿಟ್ಟು ಹೋಗಿದ್ದ ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿ, ಮುಚ್ಚಳ ಹಾಕಿ, ಅದರ ಮೇಲೆ ಕುಂತು ಊಟ ಮಾಡುತ್ತಿದ್ದೆ.

ಒಂದು ಶನಿವಾರ ಅವ್ವ ಬಂದಾಗ ನನ್ನ ಪಾಠದ ಪುಸ್ತಕ ತೆಗೆದು ಓದು ಎಂದಳು. ನಾನು ತಡವರಿಸಿದೆ. ಮತ್ತೊಮ್ಮೆ ಓದು ಎಂದಳು. ನಾನು ಪುಸ್ತಕ ಅವಳ ಮಡಿಲಿಗೆ ಎಸೆದೆ.

"ನಿನ್ನ ಪುಸ್ತಕ ನೀನೇ ಓದ್ಕೋ. ನಾನೇನು ಭಾಲ್ಕಿಗಿ ಹೋಗೋದಿಲ್ಲ."

ಅವಳು ಬಯ್ಯಲಿಲ್ಲ. ಪುಸ್ತಕದ ಮಡಚಿದ ಹಾಳೆಯನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ನೆಟ್ಟಗೆ ಮಾಡುತ್ತಾ ಕುಂತಳು. ಅವಳ ಕೈಗೆ ಔಷಧದ ವಾಸನೆ ಇತ್ತು, ಅದು ನನಗೆ ಗುರುತಿಲ್ಲದ ವಾಸನೆ.

"ದಿನಾ ಒಂದು ಪುಟ ಓದು ಮಗಾ. ಒಂದೇ ಪುಟ. ಆದ್ರ ಜೋರ್ಲೆ ಓದ್ಬೇಕು."

"ಯಾರಿಗೆ ಓದ್ಲಿ?"

"ಅಪ್ಪಗ ಓದು."

"ಅಪ್ಪ ಬರೋದ್ರಾಗ ನಂಗ ನಿದ್ದಿ ಬರ್ತದ."

ಅವಳು ಮನೆಯೊಳಗೆ ಸುತ್ತಲೂ ನೋಡಿದಳು. ಅಲ್ಲಿ ಮತ್ತೆ ಯಾರೂ ಇಲ್ಲ ಎಂಬುದು ಅವಳಿಗೆ ಆಗ ಕಂಡಿತೆಂದು ತೋರುತ್ತದೆ.

"ಗ್ವಾಡಿಗಿ ಓದು. ಗ್ವಾಡಿ ನಗಂಗಿಲ್ಲ."

ನಾನು ಹಟಕ್ಕೇ ಶುರು ಮಾಡಿದೆ. ಸಾಲೆಯಿಂದ ಬಂದು, ಪಲಂಗದ ಮೇಲೆ ಗೋಡೆಗೆ ಮುಖ ಮಾಡಿ ಕುಂತು, ಜಗಳಕ್ಕೆ ನಿಂತವರ ಹಾಗೆ ಒದರುತ್ತಿದ್ದೆ. ಬೀದರಿನ ಕೆಂಪು ಕಲ್ಲಿನ ಗೋಡೆ, ಅದರಲ್ಲಿ ಸಣ್ಣ ಸಣ್ಣ ತೂತು. ತಪ್ಪಾದರೂ ಅದು ನಗುತ್ತಿರಲಿಲ್ಲ ಎಂಬುದಂತೂ ನಿಜ. ಒಂದು ಸಾಲನ್ನು ಮತ್ತೆ ಮತ್ತೆ ಓದಿದರೂ ಅದಕ್ಕೆ ಬೇಸರವಿಲ್ಲ. ಕೆಲವು ದಿನಗಳಲ್ಲಿ ಒಂದು ಪುಟ ಮೊದಲಿನಷ್ಟು ಉದ್ದ ಅನಿಸಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ 'ದೈರ್ಯ' ಎಂದು ಓದಿದೆ. ಗೋಡೆಯ ಒಳಗಿನಿಂದ ಟಕ್ ಎಂದಿತು. ನಾನು ಪಲಂಗದಿಂದ ಕೆಳಗೆ ಹಾರಿ ಬಾಗಿಲ ತನಕ ಓಡಿದೆ. ಮತ್ತೆ ಸಪ್ಪಳವಿಲ್ಲ. ಹೆದರಿ ಹೆದರಿ ಬಂದು ಅದೇ ಸಾಲು ಓದಿದೆ. ಅದೇ ಶಬ್ದಕ್ಕೆ ಮತ್ತೆ ಟಕ್. ಮೂರನೆಯ ಸಲ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದೆ. ದ ಅಕ್ಷರದ ಹೊಟ್ಟೆ ಸೀಳಿದ ಗೆರೆ ಕಂಡಿತು. 'ಧೈರ್ಯ' ಎಂದೆ. ಗೋಡೆ ಸುಮ್ಮನಾಯಿತು.

ಇದನ್ನು ನಾನು ಯಾರಿಗೂ ಹೇಳಲಿಲ್ಲ, ಹೇಳಲು ಯಾರಿದ್ದರು? ಮರುದಿನ ಎರಡು ಸಲ ಟಕ್ ಅಂದಿತು, ಎರಡೂ ಸಲ ನಾನೇ ತಿದ್ದಿಕೊಂಡೆ. ಅದರ ಮರುದಿನ ಪುಟ ಮುಗಿಸಿದ ಮೇಲೆ ಗೋಡೆಯಾಚೆಯಿಂದ ಒಂದು ದನಿ ಬಂತು, ಹಳೆಯದು, ಆದರೆ ಗಟ್ಟಿಯಾದದ್ದು.

"ಏ ಹುಡುಗಿ, ಓಣಿ ಸುತ್ತು ಹಾಕಿ ಈ ಕಡಿ ಬಾ."

ನಮ್ಮ ಪಲಂಗದ ಗೋಡೆಗೆ ಹೊಂದಿಕೊಂಡಿದ್ದ ಆ ಮನೆಯ ಬಾಗಿಲು ಬೇರೊಂದು ಓಣಿಗೆ ತೆರೆಯುತ್ತಿತ್ತು. ಅಲ್ಲಿ ಗ್ರೇಸಮ್ಮ ಟೀಚರ್ ಎಂಬ ಮೆಥಡಿಸ್ಟ್ ಹೆಣ್ಣುಮಗಳು ಇದ್ದರು. ಬಿದ್ದು ಸೊಂಟ ಮುರಿದಾಗಿನಿಂದ ಮಂಚ ಬಿಟ್ಟು ಏಳುವಂತಿರಲಿಲ್ಲ. ಅವರ ತಂಗಿ ಸಾಲೆಯಲ್ಲಿ ಕಲಿಸುತ್ತಿದ್ದರು, ಬೀಗ ಹಾಕದೆ ಬಾಗಿಲು ಬರೀ ಮುಂದೆ ಮಾಡಿ ಹೋದರೆ ಸಂಜೆಗೇ ಬರುವುದು. ಮಂಚ ನಮ್ಮ ಗೋಡೆಗೇ ಅಂಟಿಕೊಂಡಿತ್ತು, ಪಕ್ಕದಲ್ಲಿ ಒಂದು ಊರುಗೋಲು. ಟಕ್ ಎಂದದ್ದು ಅದೇ.

"ಗ್ವಾಡಿಗಿ ಯಾಕ ಓದ್ತಿ?"

"ಅವ್ವ ಹೇಳ್ಯಾಳ್ರಿ."

"ಅವ್ವ ಎಲ್ಲಿದ್ದಾಳ?"

"ಭಾಲ್ಕಿದಾಗ್ರಿ. ನರ್ಸ್ ಕಲಿಲಿಕತ್ಯಾಳ." ನಾನು ನೆಲ ನೋಡಿಕೊಂಡು ಹೇಳಿದೆ. ಈ ಮಾತಿಗೆ ಓಣಿಯ ಹೆಂಗಸರು ನಾಲಿಗೆ ಲೊಚಗುಟ್ಟುವುದು ನನಗೆ ರೂಢಿಯಾಗಿತ್ತು.

"ಭಾಳ ಚಲೋ ಕೆಲ್ಸ ಮಾಡ್ಯಾಳ," ಎಂದರು ಟೀಚರ್. "ಆ ಅಲಮಾರಿ ತೆಗಿ. ನಿನಗ ಯಾವ್ದು ಬೇಕೋ ಒಂದು ಒಯ್ಯಿ."

"ಪೂರಾ ಓದ್ಬೇಕೇನ್ರಿ?"

"ಸೇರಿದ್ರ ಓದು. ಸೇರದಿದ್ರ ಬಿಟ್ಟು ಬಾ, ಇನ್ನೊಂದು ಒಯ್ಯಿ. ಆದ್ರ ದಿನಾ ಅದೇ ಹೊತ್ತಿಗಿ ಕೂಡು ಬೇಟಾ. ಹಸಿವಿ ಹ್ಯಾಂಗ ಹೊತ್ತಿಗಿ ಸರಿಯಾಗಿ ಬರ್ತದ, ಹಂಗ ಇದೂ ಬರ್ತದ."

ಅಷ್ಟು ದಿನಗಳಲ್ಲಿ ಅವ್ವ ಮಾಡಿದ್ದು ಚಲೋ ಕೆಲಸ ಎಂದು ನನಗೆ ಹೇಳಿದವರು ಅವರೊಬ್ಬರೇ. ನಾನು ತಂದದ್ದು ತೆಳ್ಳನೆಯ, ದಪ್ಪ ಅಕ್ಷರದ ಪುಸ್ತಕ, ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಹುಡುಗಿಯ ಕಥೆ. ಅದನ್ನು ಗೋಡೆಗೆ ಓದಿದೆ; ಈಗ ಗೋಡೆಯ ಆಚೆ ಯಾರಿದ್ದಾರೆಂದು ಗೊತ್ತಿದ್ದರಿಂದ ಒದರುವುದು ನಿಂತಿತು, ಕಥೆ ಹೇಳುವ ದನಿ ಬಂತು. ತಪ್ಪಿದರೆ ಟಕ್. ನಗುವ ಜಾಗ ಬಂದರೆ ಆಚೆಯಿಂದ ಕೆಮ್ಮು ಬೆರೆತ ನಗು. ಒಂದು ಪುಟ ಎರಡಾಯಿತು, ಆಮೇಲೆ ಪುಟದ ಲೆಕ್ಕವೇ ತಪ್ಪಿತು. ಚಿಲಕ ಹಾಕಿ ಕೈಕಾಲು ತೊಳೆದುಕೊಂಡರೆ ಸಾಕು, ಪುಸ್ತಕದ ಕಡೆಗೆ ಕೈ ತಾನೇ ಹೋಗುತ್ತಿತ್ತು. ಸಾಲೆಯಲ್ಲಿ ಮಾಸ್ತರರು ಎಬ್ಬಿಸಿದಾಗ ನಾನು ನಿಲ್ಲಿಸದೆ ಓದಿದೆ. ಯಾರೂ ನಗಲಿಲ್ಲ, ಯಾರೂ ಶಭಾಷ್ ಎನ್ನಲೂ ಇಲ್ಲ, ಮುಂದಿನ ಹುಡುಗಿಯನ್ನು ಎಬ್ಬಿಸಿದರು. ಆ ದಿನ ಮನೆಗೆ ಓಡಿ ಬಂದು ಗೋಡೆಗೆ ಹೇಳಿದೆ. ಆಚೆಯಿಂದ ಊರುಗೋಲು ಟಕಟಕಟಕ ಎಂದು ಬಡಿಯಿತು. ನನ್ನ ಬದುಕಿನಲ್ಲಿ ನನಗೆ ಸಿಕ್ಕ ಮೊದಲ ಚಪ್ಪಾಳೆ ಅದು.

ಚಳಿಗಾಲದಲ್ಲಿ ಒಂದು ದಿನ ಗೋಡೆ ಉತ್ತರ ಕೊಡಲಿಲ್ಲ. ನಾನು ತಪ್ಪಿಲ್ಲದೆ ಓದಿದ್ದೇನೆ ಎಂದುಕೊಂಡೆ. ಮರುದಿನವೂ ಸಪ್ಪಳವಿಲ್ಲ. ಮೂರನೆಯ ದಿನ ಬೇಕೆಂತಲೇ ತಪ್ಪು ಓದಿದೆ. ಹಳೆಯ ಪಾಠ ತೆಗೆದು 'ದೈರ್ಯ, ದೈರ್ಯ' ಎಂದು ಒದರಿದೆ. ಕಿವಿಯನ್ನು ಕಲ್ಲಿಗೆ ಒತ್ತಿ ಹಿಡಿದೆ, ತಣ್ಣಗಿತ್ತು. ಓಣಿ ಸುತ್ತಿ ಓಡಿ ಹೋದರೆ ಎಂದೂ ಬೀಗ ಕಾಣದ ಆ ಬಾಗಿಲಿಗೆ ಬೀಗ. ದವಾಖಾನೆಗೆ ಒಯ್ದಿದ್ದಾರೆಂದು ಎದುರು ಮನೆಯವರು ಹೇಳಿದರು. ಅದಾದ ಒಂದೆರಡು ದಿನಕ್ಕೆ ಚರ್ಚಿನ ಗಂಟೆ ಮೊಳಗಿತು. ನಾನು ಸಾಲೆಯ ಅಂಗಿಯಲ್ಲೇ ಹೋಗಿ ಗೇಟಿನ ಹೊರಗೆ ನಿಂತೆ. ಒಳಗೆ ಬಿಳಿ ಸೀರೆಯ ಹೆಂಗಸರು ಹಾಡುತ್ತಿದ್ದರು. ಟೀಚರ ತಂಗಿ ಶವಪೆಟ್ಟಿಗೆಯ ಹಿಂದೆ ನಡೆದು ಹೋದರು, ನನ್ನನ್ನು ನೋಡಿದರು, ಗುರುತು ಹಿಡಿಯಲಿಲ್ಲ. ಅವರಿಗೆ ನಾನು ಯಾರೆಂದು ಗೊತ್ತಿರಬೇಕೆಂದೇನೂ ಇರಲಿಲ್ಲ. ಅವರು ಮನೆಯಲ್ಲಿ ಇಲ್ಲದ ಹೊತ್ತಿನ ಗೆಳೆತನ ನಮ್ಮದು. ಆ ರಾತ್ರಿ ಅಪ್ಪ ಬಂದು "ಉಂಡಿ?" ಎಂದ. "ಉಂಡೆ" ಎಂದೆ. ಉಂಡಿರಲಿಲ್ಲ.

ಆಮೇಲೆ ಕೆಲವು ದಿನ ನಾನು ಪುಸ್ತಕ ಮುಟ್ಟಲಿಲ್ಲ. ಗೋಡೆಯ ಆಚೆ ಖಾಲಿ ಮಂಚ ಇದೆ ಎಂದು ತಿಳಿದ ಮೇಲೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಆದರೆ ಹೊತ್ತು ಮಾತ್ರ ಬರುತ್ತಿತ್ತು. ಟೀಚರ್ ಹೇಳಿದ ಹಾಗೆಯೇ, ಹಸಿವೆಯಂತೆ, ಸರಿಯಾಗಿ ಅದೇ ಗಳಿಗೆಗೆ ಬಂದು ಎದೆಯಲ್ಲಿ ಕುಂತು ಕಾಡುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾಗದೆ ಅವ್ವನ ಟ್ರಂಕು ತೆಗೆದು ಮೇಲಿದ್ದ ಪುಸ್ತಕ ಕೈಗೆತ್ತಿಕೊಂಡೆ. ತುಟಿ ಬಿಗಿದುಕೊಂಡೇ ಕಣ್ಣು ಸಾಲಿನ ಮೇಲೆ ಹರಿಸಿದೆ. ಆಗ ಓದುವ ದನಿ ಒಳಗೆ ಕೇಳಿಸಿತು. ಅದು ಅವ್ವನ ದನಿಯಲ್ಲ, ಟೀಚರ ದನಿಯೂ ಅಲ್ಲ. ಯಾರದು ಎಂದು ಬಹಳ ಹೊತ್ತು ಯೋಚಿಸಿದೆ. ನನ್ನದೇ. ಇಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೇನೆ, ಈಗಲೂ ತಂದೆತಾಯಿಗಳು ಬಂದು, ನಮ್ಮ ಮಕ್ಕಳು ಮೊಬೈಲ್ ಬಿಟ್ಟು ಪುಸ್ತಕ ಹಿಡಿಯಬೇಕಾದರೆ ಏನು ಮಾಡಬೇಕ್ರಿ ಮೇಡಂ ಎಂದು ಕೇಳುತ್ತಾರೆ. ದಿನಾ ಒಂದೇ ಹೊತ್ತಿಗೆ ಕೂಡಿಸಿರಿ, ಸೇರದ್ದನ್ನು ಬಿಡಲು ಬಿಡಿರಿ ಎಂದು ಹೇಳಿ ಕಳಿಸುತ್ತೇನೆ. ಅದು ಸುಳ್ಳಲ್ಲ. ಆದರೆ ಆ ಚಿಲಕ ಹಾಕಿದ ಮನೆಯನ್ನು ಅವರಿಗೆ ಹೇಗೆ ಹೇಳಲಿ? ಅದನ್ನು ಯಾವ ಮಗುವಿಗೂ ಬಯಸುವ ಹಾಗಿಲ್ಲ.

ಅವ್ವನ ತರಬೇತಿ ಮುಗಿದು ಔರಾದ ತಾಲೂಕಿನ ಚಿಂತಾಕಿಗೆ ಕೆಲಸದ ಆರ್ಡರ್ ಬಂತು. ಅಪ್ಪ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬೇಸಿಗೆ ಸೂಟಿಗೆ ನನ್ನನ್ನು ಬಸ್ಸು ಹತ್ತಿಸಿ, ಕಂಡಕ್ಟರನಿಗೆ ಹೇಳಿ ಕಳಿಸಿದ. ದಾರಿಯುದ್ದಕ್ಕೂ ನಾನು ಗೋಡೆಯ ಕಥೆಯನ್ನು ಹೇಗೆ ಶುರು ಮಾಡಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಅವ್ವ ಬಂದಾಗಲೆಲ್ಲ ಹೇಳದೆ ಕೂಡಿಟ್ಟುಕೊಂಡಿದ್ದ ಕಥೆ. ಚಿಂತಾಕಿಯಲ್ಲಿ ಅವಳಿಗೆ ಒಂದು ಖೋಲಿ, ಅದಕ್ಕೆ ಹೊಂದಿ ಮದ್ದು ಕೊಡುವ ಇನ್ನೊಂದು ಖೋಲಿ. ಮುಂಜಾನೆಯಿಂದ ಹೆಂಗಸರು ಕೂಸು ಕಟ್ಟಿಕೊಂಡು ಮೆಟ್ಟಿಲ ಮೇಲೆ ಕುಂತಿರುತ್ತಿದ್ದರು: "ಸಿಸ್ಟರ್ ಬಾಯಿ ಎದ್ದಾರೇನ್ರಿ?" ಕನ್ನಡದಲ್ಲಿ ಕೆಲವರು, ಮರಾಠಿಯಲ್ಲಿ ಕೆಲವರು. ಅವ್ವನ ನಡಿಗೆಯೇ ಬೇರೆಯಾಗಿತ್ತು, ಮಾತು ಚುಟುಕಾಗಿತ್ತು. ಒಂದು ಮಧ್ಯಾಹ್ನ ಅಂತೂ ನಾವಿಬ್ಬರೇ ಊಟಕ್ಕೆ ಕುಂತೆವು.

"ಅವ್ವಾ, ನೀ ಗ್ವಾಡಿಗಿ ಓದು ಅಂದಿದ್ದಿ ನೋಡು..."

"ಹೂಂ."

"ಒಂದಿನ ಗ್ವಾಡಿ ಟಕ್ ಅಂತು."

ತಲೆ ಎತ್ತಿ ನೋಡಿದರೆ ತುತ್ತು ಹಿಡಿದ ಕೈ ತಾಟಿನಲ್ಲೇ ಇತ್ತು, ಅವಳು ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ನಾನು ಅವಳ ಕೈಯಿಂದ ರೊಟ್ಟಿ ತೆಗೆದು ತಾಟು ಮುಚ್ಚಿದೆ. ಎಬ್ಬಿಸಲಿಲ್ಲ. ಅವಳ ಪಕ್ಕದಲ್ಲೇ ಕುಂತು ನನ್ನ ಪುಸ್ತಕ ತೆಗೆದೆ. ಕಥೆಯನ್ನು ಆಮೇಲೆ ತುಂಡು ತುಂಡಾಗಿ ಹೇಳಿದೆ, ಅವಳು ಸಿರಿಂಜು ಕುದಿಸುವಾಗ ಒಂದಿಷ್ಟು, ಬಟ್ಟೆ ಹಿಂಡುವಾಗ ಒಂದಿಷ್ಟು. ಅವಳು ಕೇಳಿದಳು, ಒಮ್ಮೆ ಕಣ್ಣೂ ಒರೆಸಿಕೊಂಡಳು. ಆದರೆ ನಾನು ದಾರಿಯುದ್ದಕ್ಕೂ ಜೋಡಿಸಿದ್ದ ಹಾಗೆ ಅದನ್ನು ಹೇಳಲು ಕೊನೆಗೂ ಆಗಲಿಲ್ಲ. ನನ್ನನ್ನು ಓದಲು ಹಚ್ಚಿದ ಅವಳಿಗೆ ಈಗ ಓದಲು ಹೊತ್ತಿರಲಿಲ್ಲ. ಅವಳ ಪುಸ್ತಕಗಳನ್ನೆಲ್ಲ ನಾನೇ ಓದಿ ಮುಗಿಸಿದ್ದೆ.

ಸೂಟಿ ಮುಗಿಯುವಾಗ ನನ್ನನ್ನು ಕರೆದೊಯ್ಯಲು ಅಪ್ಪ ಬಂದ. ಬರುತ್ತಾನೆಂದು ನಾವಿಬ್ಬರೂ ಎಣಿಸಿರಲಿಲ್ಲ. ಮೆಟ್ಟಿಲ ಮೇಲೆ ಜಾಗವಿಲ್ಲದೆ, ಕೂಸುಗಳನ್ನು ಎತ್ತಿಕೊಂಡ ಹೆಂಗಸರ ಹಿಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಒಬ್ಬ ಮುದುಕಿ ಅವನಿಗೆ, ಸರದಿ ಪ್ರಕಾರ ಬರ್ರಿ ಅಣ್ಣಾರ, ಎಂದಳು. ಅವನು ಹೂಂ ಎಂದು ಹಿಂದೆ ಸರಿದ. ಒಳಗೆ ಅವ್ವ ಅಳುವ ಕೂಸಿಗೆ ಸೂಜಿ ಹಾಕಿ, ತಾಯಿಗೆ ಬಯ್ದು, ಇನ್ನೊಬ್ಬಳ ನಾಡಿ ನೋಡುತ್ತಿದ್ದಳು. ಅವನು ಬಾಗಿಲ ಸಂದಿಯಿಂದ ಅದನ್ನೆಲ್ಲ ನೋಡಿದ.

"ದಿನಾ ಹಿಂಗೇ ಇರ್ತದೇನು?" ಎಂದು ನನ್ನನ್ನು ಕೇಳಿದ.

"ದಿನಾ."

ಅವನು ಹಿಂದಿನ ಬಾಗಿಲಿನಿಂದ ಒಳಗೆ ಬಂದು, ಸ್ಟೋವ್ ಹೊತ್ತಿಸಿ ಚಹಾ ಇಟ್ಟ. ಬಟ್ಟಲನ್ನು ತಾನೇ ಒಯ್ದು ಮದ್ದಿನ ಟೇಬಲ್ಲಿನ ಅಂಚಿಗೆ ಇಟ್ಟ. ಅವ್ವ ತಲೆ ಎತ್ತಿ ನೋಡಿದಳು. ಇಬ್ಬರೂ ನನ್ನ ಮೂಲಕ ಮಾತಾಡಲಿಲ್ಲ.

"ಸಕ್ರಿ ಕಮ್ಮಿ ಹಾಕೇನಿ."

"ಸಾಕ್ರಿ."

ಅಷ್ಟೇ ಆದದ್ದು. ಅವರಿಬ್ಬರೂ ಒಂದೇ ಮನೆಯಲ್ಲಿ ಇರುವ ಹಾಗಾದದ್ದು ಅವ್ವನಿಗೆ ಬೀದರಿಗೆ ವರ್ಗವಾದ ಮೇಲೆ, ಆ ಹೊತ್ತಿಗೆ ನಾನು ಕಲಬುರಗಿಯ ಹಾಸ್ಟೆಲಿನಲ್ಲಿದ್ದೆ. ನಾವು ಮೂವರೂ ಕೂಡಿ ಇದ್ದ ದಿನಗಳು ನನ್ನ ಲೆಕ್ಕದಲ್ಲಿ ಬಹಳ ಇಲ್ಲ.

ಆ ದಿನ ವಾಪಸ್ ಬರುವಾಗ ಬಸ್ಸು ತುಂಬಿತ್ತು. ಅಪ್ಪನಿಗೂ ನನಗೂ ಒಂದೇ ಸೀಟು ಸಿಕ್ಕಿತು, ಪಕ್ಕದಲ್ಲಿ ಔರಾದಿಗೆ ಹೊರಟ ಒಬ್ಬ ರೈತ. ಬಸ್ಸು ಚಿಂತಾಕಿ ಬಿಟ್ಟ ಮೇಲೆ, ಮೆಟ್ಟಿಲ ಮೇಲೆ ನಿಂತ ಅವ್ವ ಕಾಣದಾದ ಮೇಲೆ, ನಾನು ಪುಸ್ತಕ ತೆಗೆದೆ. ಅಪ್ಪನ ಎದುರಿಗೆ ಅದುವರೆಗೆ ನಾನು ಎಂದೂ ಓದಿರಲಿಲ್ಲ. ಪಕ್ಕದವನು ಹೊತ್ತು ಕಳೆಯಲು ನನ್ನ ಕಡೆಗೆ ಬಗ್ಗಿದ.

"ಎಷ್ಟನೇ ಇಯತ್ತೆ ಬೇಟಾ? ಹೆಸ್ರೇನು ನಿಂದು?"

ನಾನು ಉತ್ತರ ಕೊಡುವ ಮೊದಲೇ ಅಪ್ಪ ಕೈ ಅಡ್ಡ ಹಿಡಿದ. ಗಂಜಿನಲ್ಲಿ ಕೂಗಿ ಒರಟಾದ ದನಿಯನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ ಹೇಳಿದ.

"ಆಕಿಗಿ ಮಾತಾಡಿಸಬ್ಯಾಡ್ರಿ ಕಾಕಾ. ಓದ್ಲಿಕತ್ಯಾಳ."

ನಾನು ತಲೆ ಎತ್ತಲಿಲ್ಲ. ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಅವನಿಗೆ ತಿಳಿಯಬಾರದೆಂದು, ಸ್ವಲ್ಪ ಹೊತ್ತು ಬಿಟ್ಟು, ಪುಟ ತಿರುವಿದೆ.